ಸ್ಟೆಮ್ ಸೆಲ್ ವಿಜ್ಞಾನಿ ಆಗಬೇಕು, ದಾರಿ ಯಾವುದು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿ.ಎಸ್ಸಿ. ಬಯೋಟೆಕ್ನಾಲಜಿ ಎರಡನೇ ವರ್ಷದಲ್ಲಿದ್ದೇನೆ. ನೀಟ್ ಬರೆದಿದ್ದೆ, ಮೆಡಿಕಲ್ ಸೀಟು ಸಿಗಲಿಲ್ಲ. ಸ್ಟೆಮ್ ಸೆಲ್ ಸಂಶೋಧನೆ ಮಾಡಬೇಕು ಅಂತ ತುಂಬಾ ಆಸೆ. ಡಾಕ್ಟರ್ ಆಗದೆ ಈ ಕ್ಷೇತ್ರಕ್ಕೆ ಬರಬಹುದಾ? ಎಷ್ಟು ವರ್ಷ ಓದಬೇಕು? ಸಂಬಳ ಹೇಗೆ? 'ಹೊಟ್ಟೆಪಾಡಿಗೆ ಆಗುತ್ತಾ' ಅಂತ ಅಪ್ಪ ಕೇಳುತ್ತಾರೆ. ಖಾಸಗಿ ಸಂಸ್ಥೆಯೊಂದರಲ್ಲಿ ಆರು ತಿಂಗಳ ಸ್ಟೆಮ್ ಸೆಲ್ ಸರ್ಟಿಫಿಕೇಟ್ ಕೋರ್ಸ್ ಇದೆಯಂತೆ, ಫೀಸು ಒಂದೂವರೆ ಲಕ್ಷ. ಸೇರಲಾ?

ಉತ್ತರ: ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಆ ಕೋರ್ಸಿಗೆ ಸೇರಬೇಡಿ. ಆರು ತಿಂಗಳ ಸರ್ಟಿಫಿಕೇಟ್ ನೋಡಿ ಪಿಎಚ್‌ಡಿಗೆ ತೆಗೆದುಕೊಂಡ ಲ್ಯಾಬ್ ಒಂದನ್ನೂ ನಾನು ಕಂಡಿಲ್ಲ. ಕಂಪನಿಗಳೂ ಅದಕ್ಕೆ ಬೆಲೆ ಕೊಡುವುದು ಕಡಿಮೆ. ಆ ದುಡ್ಡು ಹಾಗೇ ಇರಲಿ, ಎಂ.ಎಸ್ಸಿ.ಗೆ ಬೇಕಾಗುತ್ತದೆ. ಇದೇ ಕೆಲಸವನ್ನು ನಿಮಗೇ ಸ್ಟೈಪೆಂಡ್ ಕೊಟ್ಟು ಕಲಿಸುವ ಜಾಗಗಳಿವೆ. ಅವುಗಳ ವಿಚಾರ ಮುಂದೆ ಹೇಳುತ್ತೇನೆ.

ಡಾಕ್ಟರ್ ಆಗಲೇಬೇಕಾ? ಬೇಡ. ಈ ಕ್ಷೇತ್ರ ಹುಟ್ಟಿದ್ದೇ ಒಬ್ಬ ಡಾಕ್ಟರು ಮತ್ತು ಒಬ್ಬ ಭೌತವಿಜ್ಞಾನಿ ಜೊತೆಗೂಡಿ ಕೆಲಸ ಮಾಡಿದಾಗ. ಕೆನಡಾದ ಟೊರಾಂಟೊದಲ್ಲಿ ಅರ್ನೆಸ್ಟ್ ಮೆಕಲಕ್ ರಕ್ತದ ಕಾಯಿಲೆಗಳ ವೈದ್ಯ, ಜೇಮ್ಸ್ ಟಿಲ್ ಭೌತಶಾಸ್ತ್ರದಿಂದ ಬಂದವರು. ಜಾಸ್ತಿ ವಿಕಿರಣ ಕೊಟ್ಟ ಇಲಿಗಳಿಗೆ ಅವರು ಬೇರೆ ಇಲಿಗಳ ಮೂಳೆಮಜ್ಜೆಯ ಕೋಶಗಳನ್ನು ಚುಚ್ಚುತ್ತಿದ್ದರು. ಹತ್ತು ದಿನ ಬಿಟ್ಟು ನೋಡಿದರೆ ಇಲಿಗಳ ಸ್ಪ್ಲೀನ್ (ಗುಲ್ಮ) ಮೇಲೆ ಸಣ್ಣ ಸಣ್ಣ ಗಂಟುಗಳು. ಎಣಿಸಿ ನೋಡಿದರೆ, ಜಾಸ್ತಿ ಕೋಶ ಚುಚ್ಚಿದಷ್ಟೂ ಗಂಟುಗಳೂ ಜಾಸ್ತಿ. ಇದು 1961ರ ಮಾತು. ಒಂದೊಂದು ಗಂಟೂ ಒಂದೇ ಒಂದು ಕೋಶದಿಂದ ಹುಟ್ಟಿರಬೇಕು ಅಂತ ಅವರಿಗೆ ಅನ್ನಿಸಿತು. ಆದರೆ ಅನ್ನಿಸಿದರೆ ಸಾಲದಲ್ಲ. ಅವರ ವಿದ್ಯಾರ್ಥಿ ಆಂಡ್ರ್ಯೂ ಬೆಕರ್ ಕೋಶಗಳ ಕ್ರೋಮೋಸೋಮುಗಳಲ್ಲಿ ವಿಕಿರಣದಿಂದ ಗುರುತು ಬೀಳುವಂತೆ ಮಾಡಿದರು. ಆಮೇಲೆ ನೋಡಿದರೆ ಒಂದು ಗಂಟಿನೊಳಗಿನ ಕೋಶಗಳಲ್ಲೆಲ್ಲ ಅದೇ ಗುರುತು. ಎಲ್ಲವೂ ಒಂದೇ ತಾಯಿಯ ಮಕ್ಕಳು ಅನ್ನುವುದು 1963ರಲ್ಲಿ ಖಾತ್ರಿಯಾಯಿತು. ಒಂದೇ ಕೋಶ ತನ್ನಂಥದ್ದನ್ನೇ ಮತ್ತೆ ಹುಟ್ಟಿಸಬಲ್ಲದು, ಬೇರೆ ಬೇರೆ ರಕ್ತಕಣಗಳಾಗಿಯೂ ಬದಲಾಗಬಲ್ಲದು. ಸ್ಟೆಮ್ ಸೆಲ್ ಅಂದರೆ ಇವತ್ತಿಗೂ ಇಷ್ಟೇ.

ಈ ಕಥೆಯನ್ನು ಇಷ್ಟು ಬಿಡಿಸಿ ಹೇಳಿದ್ದಕ್ಕೆ ಕಾರಣವಿದೆ. ಸ್ಟೆಮ್ ಸೆಲ್ ವಿಜ್ಞಾನಿಯ ಕೆಲಸ ಅಂದರೆ ಕೋಶ ಬೆಳೆಸುವುದು ಅಂತ ಬಹಳ ಜನ ತಿಳಿದಿದ್ದಾರೆ. ಬೆಳೆಸುವುದನ್ನು ಆಸಕ್ತಿ ಇರುವ ಯಾರಾದರೂ ವರ್ಷದೊಳಗೆ ಕಲಿತುಬಿಡಬಹುದು. ಡಿಶ್‌ನಲ್ಲಿ, ಅಂದರೆ ಕೋಶ ಬೆಳೆಸುವ ಪುಟ್ಟ ತಟ್ಟೆಯಲ್ಲಿ, ಬೆಳೆದು ನಿಂತದ್ದು ನಿಜಕ್ಕೂ ಏನು ಅಂತ ಸಾಬೀತು ಮಾಡುವುದು ಕಷ್ಟದ ಕೆಲಸ. ನಾವು ಸಂಬಳ ತೆಗೆದುಕೊಳ್ಳುವುದು ಅದಕ್ಕೆ.

ದಿನದ ಕೆಲಸ ಹೇಗಿರುತ್ತದೆ ಅಂತ ನೀವು ಕೇಳಿಲ್ಲ. ಸಂಬಳಕ್ಕಿಂತ ಮೊದಲು ಕೇಳಬೇಕಾದದ್ದು ಅದೇ. ಐಪಿಎಸ್ ಕೋಶಗಳನ್ನು ತೆಗೆದುಕೊಳ್ಳಿ. ದೊಡ್ಡವರ ಚರ್ಮದ ಅಥವಾ ರಕ್ತದ ಕೋಶಗಳನ್ನು ಹಿಂದಕ್ಕೆ ತಿರುಗಿಸಿ, ಭ್ರೂಣದ ಕೋಶಗಳ ಸ್ಥಿತಿಗೆ ತಂದರೆ ಸಿಗುವಂಥವು ಇವು. ಇವುಗಳಿಂದ ಹೃದಯದ ಕೋಶ ಮಾಡಬಹುದು, ನರಕೋಶ ಮಾಡಬಹುದು. ಇನ್‌ಕ್ಯುಬೇಟರ್‌ನಲ್ಲಿ 37 ಡಿಗ್ರಿ ಶಾಖ, ಶೇಕಡಾ 5ರಷ್ಟು ಇಂಗಾಲದ ಡೈಆಕ್ಸೈಡ್ ಇರಬೇಕು. ಕೋಶಗಳಿಗೆ ಊಟ ಅಂದರೆ ಮೀಡಿಯಾ, ಒಂದು ಬಣ್ಣದ ದ್ರವ. ಸಾಮಾನ್ಯವಾಗಿ ದಿನಾ ಹಳೆಯದನ್ನು ತೆಗೆದು ಹೊಸದನ್ನು ಹಾಕಬೇಕು. ನಾಲ್ಕೈದು ದಿನಕ್ಕೊಮ್ಮೆ ಡಿಶ್ ತುಂಬಿಹೋಗುತ್ತದೆ. ಆಗ ಕೋಶಗಳನ್ನು ಬಿಡಿಸಿ ಹೊಸ ಡಿಶ್‌ಗಳಿಗೆ ಹಂಚಬೇಕು. ಪ್ಯಾಸೇಜ್ ಮಾಡುವುದು ಅಂತ ಇದಕ್ಕೆ ಲ್ಯಾಬ್‌ನಲ್ಲಿ ಹೆಸರು. ನಡುನಡುವೆ ಕೆಲವು ಕೋಶಗಳು ತಮ್ಮಷ್ಟಕ್ಕೆ ತಾವೇ ಬೇರೆ ಏನೋ ಆಗಲು ಹೊರಡುತ್ತವೆ. ಮೈಕ್ರೋಸ್ಕೋಪ್ ಕೆಳಗೆ ಅವನ್ನು ಗುರುತು ಹಿಡಿದು ಕೆರೆದು ತೆಗೆಯಬೇಕು. ಹಾಲು ಕರೆಯುವ ಹಸು ಕಟ್ಟಿದ ಮನೆಯವರಿಗೆ ಭಾನುವಾರ, ಹಬ್ಬ ಅಂತ ರಜೆ ಉಂಟಾ? ಇಲ್ಲಿಯೂ ಹಾಗೇ. ಯುಗಾದಿಗೆ ಊರಿಗೆ ಹೋಗಬೇಕಾದರೆ ಯಾರಿಗಾದರೂ ಕೋಶ ಒಪ್ಪಿಸಿ ಹೋಗಬೇಕು, ಅವರ ದೀಪಾವಳಿಗೆ ನೀವು ನಿಲ್ಲಬೇಕು. ಇಂಥ ಕೊಡು-ಕೊಳ್ಳುವಿಕೆ ಇಲ್ಲದ ಲ್ಯಾಬ್‌ನಲ್ಲಿ ಬದುಕು ಕಷ್ಟ.

ಸಾಮಾನಿನ ಕಷ್ಟ ಬೇರೆ. ಮೀಡಿಯಾ, ಕೋಶಗಳಿಗೆ ಬೆಳೆಯಲು ಸೂಚನೆ ಕೊಡುವ ಗ್ರೋತ್ ಫ್ಯಾಕ್ಟರ್, ಡಿಶ್ ತಳಕ್ಕೆ ಸವರುವ ಮ್ಯಾಟ್ರಿಜೆಲ್, ಇವೆಲ್ಲ ಹೆಚ್ಚಾಗಿ ಹೊರದೇಶದಿಂದಲೇ ಬರಬೇಕು. ಡ್ರೈ ಐಸ್ ತುಂಬಿದ ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ಕೂತರೆ ಒಳಗಿನ ಐಸ್ ಕರಗುತ್ತಾ ಹೋಗುತ್ತದೆ, ಇಲ್ಲಿ ನಮ್ಮ ಬಿ.ಪಿ. ಏರುತ್ತಾ ಹೋಗುತ್ತದೆ. ಅಮೆರಿಕದಲ್ಲಿ ಮರುದಿನವೇ ಕೈಗೆ ಬರುವ ಬಾಟಲಿಗೆ ನಾವು ವಾರಗಟ್ಟಲೆ ಕಾಯುವುದುಂಟು. ಅದಕ್ಕೇ ಇಲ್ಲಿ ಪಿಎಚ್‌ಡಿ ಮಾಡಿದವರಿಗೆ ಮೂರು ತಿಂಗಳು ಮುಂದಿನದನ್ನು ಯೋಚಿಸುವ ಅಭ್ಯಾಸ ತಾನಾಗಿ ಬರುತ್ತದೆ. ಹೊರಗೆ ಹೋದಾಗ ಅದು ಚೆನ್ನಾಗಿಯೇ ಉಪಯೋಗಕ್ಕೆ ಬರುತ್ತದೆ, ಆ ಮಾತು ಬೇರೆ.

ಇನ್ನು ಅನುಮಾನದ ವಿಷಯ. ಡಿಶ್‌ನಲ್ಲಿ ಕೋಶಗಳು ಚೆನ್ನಾಗಿ ಕಾಣುತ್ತವೆ, ಬೇಗ ಬೇಗ ಬೆಳೆಯುತ್ತಿವೆ. ಹೊಸಬರಿಗೆ ಖುಷಿ. ಅನುಭವ ಇದ್ದವರಿಗೆ ಆಗಲೇ ಅನುಮಾನ ಶುರು. ಬೇಗ ಬೆಳೆಯಲು ಕಾರಣವೇನು? ಬಹಳ ದಿನ ಬೆಳೆಸಿದ ಕೋಶಗಳಲ್ಲಿ 20ನೇ ಕ್ರೋಮೋಸೋಮಿನ ಒಂದು ತುಣುಕು ಎರಡಾಗಿಬಿಡುವುದುಂಟು. ಅಂಥ ಕೋಶ ಸಾಯುವುದು ಕಡಿಮೆ, ಹಾಗಾಗಿ ಉಳಿದವನ್ನು ಹಿಂದೆ ಹಾಕಿ ತಾನೇ ಡಿಶ್ ತುಂಬಿಕೊಳ್ಳುತ್ತದೆ. ನೋಡಲು ಏನೂ ವ್ಯತ್ಯಾಸವಿಲ್ಲ. ಮೈಕೋಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಹೊಕ್ಕರೂ ಮಾಮೂಲಿ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ. ಅದಕ್ಕೆ ಕೋಶಗೋಡೆಯೇ ಇಲ್ಲ, ಆದ್ದರಿಂದ ಪೆನಿಸಿಲಿನ್ ನಾಟುವುದೂ ಇಲ್ಲ. ಹಾಗಾಗಿ ಆಗಾಗ ಕ್ರೋಮೋಸೋಮ್ ಪರೀಕ್ಷೆ, ಮೈಕೋಪ್ಲಾಸ್ಮಾ ಪರೀಕ್ಷೆ, ಈ ಕೋಶ ಇಂಥವರದ್ದೇ ಹೌದಾ ಅಂತ ಡಿಎನ್ಎ ಗುರುತಿನ ಪರೀಕ್ಷೆ ಮಾಡುತ್ತಲೇ ಇರಬೇಕು. ಬೇಸರದ ಕೆಲಸ. ಪ್ರಬಂಧದಲ್ಲಿ ಇದಕ್ಕೆ ಸಿಗುವುದು ಒಂದು ಸಾಲು. ಆದರೆ ಆ ಸಾಲು ಸುಳ್ಳಾದರೆ ಉಳಿದ ಪುಟಗಳಿಗೆ ಬೆಲೆಯೇ ಇಲ್ಲ.

2014ರಲ್ಲಿ ಜಪಾನಿನ ರಿಕೆನ್ ಸಂಸ್ಥೆಯಿಂದ ಒಂದು ದೊಡ್ಡ ಸುದ್ದಿ ಬಂತು. ಮಾಮೂಲಿ ಕೋಶಗಳನ್ನು ಸ್ವಲ್ಪ ಹೊತ್ತು ಮೆದು ಆಮ್ಲದಲ್ಲಿ ಇಟ್ಟರೆ ಸಾಕು, ಅವು ಸ್ಟೆಮ್ ಸೆಲ್ ಆಗುತ್ತವೆ ಅಂತ. ಸ್ಟ್ಯಾಪ್ ಕೋಶ ಅಂತ ಹೆಸರಿಟ್ಟರು. ಜನವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಣೆ, ಜುಲೈನಲ್ಲಿ ವಾಪಸ್. ಬೇರೆ ಲ್ಯಾಬ್‌ಗಳಲ್ಲಿ ಅದು ಆಗಲೇ ಇಲ್ಲ. ಕೊನೆಗೆ ತನಿಖೆಯಲ್ಲಿ ಡಿಎನ್ಎ ನೋಡಿದರೆ, ಸ್ಟ್ಯಾಪ್ ಅಂತ ಇಟ್ಟುಕೊಂಡಿದ್ದವು ಹಳೆಯ ಭ್ರೂಣಮೂಲದ ಸ್ಟೆಮ್ ಸೆಲ್‌ಗಳು. ಹಿರಿಯ ವಿಜ್ಞಾನಿಯೊಬ್ಬರು ಈ ಗಲಾಟೆಯ ನಡುವೆ ಪ್ರಾಣ ಕಳೆದುಕೊಂಡರು. ಅದಕ್ಕೂ ಮೊದಲು ಕೊರಿಯಾದಲ್ಲಿ ಹ್ವಾಂಗ್ ವೂ-ಸುಕ್ ಪ್ರಕರಣ ಆಗಿತ್ತು. ತದ್ರೂಪಿ ಮಾನವ ಭ್ರೂಣದಿಂದ ಸ್ಟೆಮ್ ಸೆಲ್ ತೆಗೆದಿದ್ದೇವೆ ಅಂತ 2004 ಮತ್ತು 2005ರಲ್ಲಿ ಬರೆದ ಎರಡು ಪ್ರಬಂಧಗಳೂ ಸುಳ್ಳು ಅಂತ ಗೊತ್ತಾಗಿ 2006ರಲ್ಲಿ ಹಿಂದಕ್ಕೆ ಹೋದವು. ಬೇರೆ ಕ್ಷೇತ್ರಗಳಲ್ಲೂ ಮೋಸ ಇದೆ. ಇಲ್ಲಿ ಆಸೆ ಜಾಸ್ತಿ, ದುಡ್ಡೂ ಜಾಸ್ತಿ, ಅದಕ್ಕೇ ಬೀಳುವ ಎತ್ತರವೂ ಜಾಸ್ತಿ.

ಇದಕ್ಕೆ ಪೂರ್ತಿ ಎದುರಾದ ಉದಾಹರಣೆಯೂ ಜಪಾನಿನದ್ದೇ. ಶಿನ್ಯಾ ಯಮನಾಕ ಮೂಳೆ ಸರ್ಜನ್ ಆಗಲು ಹೊರಟವರು. ಆಪರೇಷನ್‌ನಲ್ಲಿ ಕೈ ನಿಧಾನ, ಜೊತೆಯವರು ಅಡ್ಡಿ ಅನ್ನುವ ಅರ್ಥದಲ್ಲಿ 'ಜಮನಾಕ' ಅಂತ ಗೇಲಿ ಮಾಡುತ್ತಿದ್ದರಂತೆ. ಅವರು ಸಂಶೋಧನೆಗೆ ಬಂದರು. ಭ್ರೂಣದ ಕೋಶಗಳಲ್ಲಿ ಮುಖ್ಯ ಅನ್ನಿಸಿದ 24 ಜೀನ್‌ಗಳ ಪಟ್ಟಿ ಮಾಡಿಕೊಂಡರು. 24ನ್ನೂ ಒಟ್ಟಿಗೆ ಇಲಿಯ ಚರ್ಮದ ಕೋಶಕ್ಕೆ ಹಾಕಿದಾಗ ಕೆಲಸ ಆಯಿತು, ಅದು ಐಪಿಎಸ್ ಕೋಶವಾಗಿ ತಿರುಗಿತು. ಆಮೇಲೆ ಒಂದೊಂದನ್ನೇ ಬಿಟ್ಟು ಬಿಟ್ಟು ನೋಡಿದರು. ಯಾವುದನ್ನು ಬಿಟ್ಟರೆ ಕೆಡುತ್ತದೋ ಅದು ಬೇಕು. ಕೊನೆಗೆ ಉಳಿದದ್ದು ನಾಲ್ಕು. 2006ರಲ್ಲಿ ಇಲಿ, 2007ರಲ್ಲಿ ಮನುಷ್ಯ, 2012ರಲ್ಲಿ ನೊಬೆಲ್. ಆ ಬಹುಮಾನವನ್ನು ಹಂಚಿಕೊಂಡ ಜಾನ್ ಗರ್ಡನ್ ಕಪ್ಪೆಯ ಮೇಲೆ ಪ್ರಯೋಗ ಮಾಡಿ ದಾರಿ ತೋರಿಸಿದ್ದು 1962ರಲ್ಲಿ, ಅಂದರೆ ಯಮನಾಕ ಹುಟ್ಟಿದ ವರ್ಷ.

ಜಪಾನಿನ ಇನ್ನೊಬ್ಬರನ್ನು ನಾನು ಇವರಿಗಿಂತ ಹೆಚ್ಚು ಮೆಚ್ಚುತ್ತೇನೆ. ಮಸಾಯೊ ತಕಹಾಶಿ, ಕಣ್ಣಿನ ಡಾಕ್ಟರು. ಐಪಿಎಸ್ ಕೋಶದಿಂದ ಬೆಳೆಸಿದ ರೆಟಿನಾದ ಪದರವನ್ನು ಮೊದಲ ಸಲ ರೋಗಿಯ ಕಣ್ಣಿಗೆ ಹಾಕಿಸಿದ್ದು 2014ರಲ್ಲಿ, ಅವರ ತಂಡ. ಇಡೀ ಜಗತ್ತು ಎರಡನೇ ರೋಗಿಗಾಗಿ ಕಾಯುತ್ತಿತ್ತು. ಆ ರೋಗಿಯ ಕೋಶಗಳನ್ನು ಪರೀಕ್ಷಿಸಿದಾಗ ಜೀನ್‌ಗಳಲ್ಲಿ ಕೆಲವು ಬದಲಾವಣೆ ಕಂಡವು. ಅವರು ನಿಲ್ಲಿಸಿಬಿಟ್ಟರು. ನನ್ನ ಪ್ರಕಾರ ಮೊದಲ ಆಪರೇಷನ್‌ಗಿಂತ ಇದು ದೊಡ್ಡ ಕೆಲಸ.

ನಮ್ಮ ಕಡೆ ಏನು ನಡೆದಿದೆ ಅಂತ ನೋಡೋಣ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ, ಬಂಜೆತನ ಚಿಕಿತ್ಸೆಯಲ್ಲಿ ಬಳಸಲು ಬಾರದೆಂದು ಬಿಟ್ಟ ಭ್ರೂಣಗಳಿಂದ ಎರಡು ಮಾನವ ಸ್ಟೆಮ್ ಸೆಲ್ ಲೈನ್, ಅಂದರೆ ಲ್ಯಾಬ್‌ನಲ್ಲಿ ಬೆಳೆಸುತ್ತಲೇ ಹೋಗಬಹುದಾದ ಕೋಶಗಳ ಪೀಳಿಗೆ, ಬೆಳೆಸಿತು. ಬಿಜೆಎನ್‌ಹೆಮ್ 19 ಮತ್ತು 20 ಅಂತ ಅವುಗಳ ಹೆಸರು. ಜಿಕೆವಿಕೆ ಆವರಣದಲ್ಲಿ ಇನ್‌ಸ್ಟೆಮ್ ಇದೆ. ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ ಸ್ಟೆಮ್ ಸೆಲ್ ವಿಜ್ಞಾನಕ್ಕೆಂದೇ ಕಟ್ಟಿದ ಸಂಸ್ಥೆ ಅದು. ಪಕ್ಕದಲ್ಲೇ ಎನ್‌ಸಿಬಿಎಸ್, ಜೀವವಿಜ್ಞಾನದ ರಾಷ್ಟ್ರೀಯ ಸಂಶೋಧನಾ ಕೇಂದ್ರ. ಇನ್‌ಸ್ಟೆಮ್‌ನ ಒಂದು ಘಟಕ ವೆಲ್ಲೂರಿನ ಸಿಎಂಸಿ ಆಸ್ಪತ್ರೆಯಲ್ಲಿದೆ. ಗಾಯವಾದರೆ ರಕ್ತ ನಿಲ್ಲದ ಹಿಮೊಫಿಲಿಯಾ ಎ ಇರುವ ಐದು ಮಂದಿಗೆ ಅಲ್ಲಿ ಚಿಕಿತ್ಸೆ ಕೊಟ್ಟರು. ಅವರದ್ದೇ ರಕ್ತದ ಸ್ಟೆಮ್ ಸೆಲ್ ತೆಗೆದು, ಸರಿಯಾದ ಜೀನ್ ಸೇರಿಸಿ, ವಾಪಸ್ ಕೊಟ್ಟರು. ಅದಾದಮೇಲೆ ಅವರಿಗೆ ರಕ್ತಸ್ರಾವ ಆಗಲಿಲ್ಲ ಅನ್ನುವ ವರದಿ 2024ರ ಡಿಸೆಂಬರ್‌ನಲ್ಲಿ ಬಂತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಆಸ್ಪತ್ರೆಯ ಕೆಲಸ. ಎಲೆ ಅಡಿಕೆಗೆ ಹಾಕುವ ಸುಣ್ಣದ ಪೊಟ್ಟಣ ಮಕ್ಕಳ ಕೈಗೆ ಸಿಕ್ಕಿ ಕಣ್ಣಿಗೆ ಚಿಮ್ಮುವುದು ನಮ್ಮಲ್ಲಿ ಹೊಸದೇನಲ್ಲ. ಕಪ್ಪುಗುಡ್ಡೆಯ ಅಂಚಿನಲ್ಲಿರುವ ಸ್ಟೆಮ್ ಸೆಲ್‌ಗಳು ಸುಟ್ಟುಹೋದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಅಂದರೆ ಕಾರ್ನಿಯಾ, ಮಸುಕಾಗುತ್ತದೆ. ಆ ಆಸ್ಪತ್ರೆಯಲ್ಲಿ ಮೊದಲು ಚೆನ್ನಾಗಿರುವ ಕಣ್ಣಿನಿಂದ ಚೂರು ತೆಗೆದು, ಲ್ಯಾಬ್‌ನಲ್ಲಿ ಬೆಳೆಸಿ, ಸುಟ್ಟ ಕಣ್ಣಿಗೆ ಹಾಕುತ್ತಿದ್ದರು. ಆಮೇಲೆ ವೀರೇಂದರ್ ಸಂಗ್ವಾನ್ ಮತ್ತು ಜೊತೆಯವರು ಕೇಳಿಕೊಂಡ ಪ್ರಶ್ನೆ: ಲ್ಯಾಬ್ ಬೇಕೇ ಬೇಕಾ? ಆ ಚೂರನ್ನೇ ಇನ್ನೂ ಸಣ್ಣ ಸಣ್ಣ ತುಣುಕು ಮಾಡಿ ನೇರವಾಗಿ ಕಣ್ಣಿನ ಮೇಲೆ ಅಂಟಿಸಿದರು. ಕಣ್ಣೇ ಅವನ್ನು ಬೆಳೆಸಿಕೊಂಡಿತು. 2012ರಲ್ಲಿ ಪ್ರಕಟವಾದ ಈ ವಿಧಾನವನ್ನು ಸ್ಲೆಟ್ ಅನ್ನುತ್ತಾರೆ. ಖರ್ಚು ಕಡಿಮೆ. ದುಬಾರಿ ಲ್ಯಾಬನ್ನೇ ಬೇಡ ಅನ್ನಿಸಿದ ಸಂಶೋಧನೆ ಇದು. ಲ್ಯಾಬ್‌ನಲ್ಲಿ ವರ್ಷಗಟ್ಟಲೆ ಕೋಶ ಬೆಳೆಸಿ, ಅವುಗಳ ಗುಣ ತಿಳಿದವರಿಗೆ ಮಾತ್ರ ಇದು ಹೊಳೆಯುತ್ತದೆ ಅನ್ನುವುದನ್ನೂ ಮರೆಯಬೇಡಿ.

ಈಗ ಓದಿನ ದಾರಿ. ಬಿ.ಎಸ್ಸಿ. ಆದಮೇಲೆ ಎರಡು ವರ್ಷದ ಎಂ.ಎಸ್ಸಿ., ಆಮೇಲೆ ಪಿಎಚ್‌ಡಿ. ಅಥವಾ ಜ್ಯಾಮ್ ಪರೀಕ್ಷೆ ಬರೆದು ಐಐಎಸ್ಸಿ ಇಲ್ಲವೇ ಜವಾಹರಲಾಲ್ ನೆಹರು ಕೇಂದ್ರದಲ್ಲಿ ನೇರ ಇಂಟಿಗ್ರೇಟೆಡ್ ಪಿಎಚ್‌ಡಿ, ಅಂದರೆ ಎಂ.ಎಸ್ಸಿ. ಮತ್ತು ಪಿಎಚ್‌ಡಿ ಒಟ್ಟಿಗೇ. ಎಂ.ಎಸ್ಸಿ.ಯಲ್ಲೇ ರೀಜನರೇಟಿವ್ ಮೆಡಿಸಿನ್, ಅಂದರೆ ಕೆಟ್ಟ ಅಂಗಾಂಶವನ್ನು ಮತ್ತೆ ಬೆಳೆಸುವ ವೈದ್ಯವಿಜ್ಞಾನ, ಓದಿಸುವ ಜಾಗಗಳಿವೆ, ಮಣಿಪಾಲದವರು ಬೆಂಗಳೂರಿನಲ್ಲೇ ಒಂದು ಸಂಸ್ಥೆ ನಡೆಸುತ್ತಾರೆ. ಕೈಗೆಲಸ ಚೆನ್ನಾಗಿ ಬರುತ್ತದೆ. ಆದರೂ ಎಂ.ಎಸ್ಸಿ. ಹಂತದಲ್ಲಿ ಅಗಲವಾಗಿ ಓದುವುದು ಒಳ್ಳೆಯದು ಅನ್ನುವ ಪಕ್ಷ ನನ್ನದು. ಬಯೋಕೆಮಿಸ್ಟ್ರಿ, ಜೆನೆಟಿಕ್ಸ್, ಕೋಶವಿಜ್ಞಾನ ಗಟ್ಟಿ ಇದ್ದವರು ಯಾವ ಲ್ಯಾಬ್‌ಗೆ ಹೋದರೂ ಒಂದು ವರ್ಷದಲ್ಲಿ ಸ್ಟೆಮ್ ಸೆಲ್ ಕೆಲಸ ಕಲಿಯುತ್ತಾರೆ. ತಿರುಗಾಮುರುಗಾ ಆದರೆ ಕಷ್ಟ. ಮೈಸೂರಿನ ಮಾನಸಗಂಗೋತ್ರಿಯಲ್ಲೋ ನಿಮ್ಮದೇ ದಾವಣಗೆರೆಯಲ್ಲೋ ಕಡಿಮೆ ಫೀಸಿನಲ್ಲಿ ಎಂ.ಎಸ್ಸಿ. ಮಾಡಿದರೆ ನಷ್ಟವೇನಿಲ್ಲ.

ಪಿಎಚ್‌ಡಿಗೆ ಪರೀಕ್ಷೆಗಳಿವೆ: ಸಿಎಸ್‌ಐಆರ್-ನೆಟ್, ಬಯೋಟೆಕ್ನಾಲಜಿ ಇಲಾಖೆಯ ಬಿಇಟಿ, ಗೇಟ್. ಎನ್‌ಸಿಬಿಎಸ್ ಕಡೆಗೆ ಹೋಗುವವರಿಗೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ (ಟಿಐಎಫ್‌ಆರ್) ನಡೆಸುವ ಜೆಜೀಬಿಲ್ಸ್. ಈ ಕೊನೆಯದರಲ್ಲಿ ಉರು ಹೊಡೆದದ್ದು ಸಾಲದು. ಒಂದು ಪ್ರಯೋಗದ ಗ್ರಾಫ್ ಕೊಟ್ಟು, ಇದರಿಂದ ಏನು ಹೇಳಬಹುದು, ಏನು ಹೇಳಬಾರದು ಅಂತ ಕೇಳುತ್ತಾರೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಈಗಿನಿಂದಲೇ ಬಿಡಿಸಲು ಶುರು ಮಾಡಿ. ಜೊತೆಗೆ ಸ್ಟ್ಯಾಟಿಸ್ಟಿಕ್ಸ್ ಮತ್ತು ಸ್ವಲ್ಪ ಕೋಡಿಂಗ್, ಪೈಥಾನ್ ಆಗಲಿ ಆರ್ ಆಗಲಿ. ಒಂದೊಂದೇ ಕೋಶದಲ್ಲಿ ಯಾವ್ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಅಂತ ಓದುವ ತಂತ್ರ ಬಂದಮೇಲೆ ಡೇಟಾ ರಾಶಿ ಬೀಳುತ್ತಿದೆ. ಅದನ್ನು ತಾನೇ ಓದಬಲ್ಲ ವಿದ್ಯಾರ್ಥಿಗೆ ಎಲ್ಲ ಲ್ಯಾಬ್‌ನಲ್ಲೂ ಜಾಗ ಇದೆ.

ಪಿಎಚ್‌ಡಿಗೆ ಐದಾರು ವರ್ಷ ಹಿಡಿಯುತ್ತದೆ. ಆಮೇಲೆ ಪೋಸ್ಟ್‌ಡಾಕ್, ಅಂದರೆ ಇನ್ನೊಬ್ಬರ ಲ್ಯಾಬ್‌ನಲ್ಲಿ ಸಂಬಳದ ಸಂಶೋಧನೆ, ಮೂರರಿಂದ ಐದು ವರ್ಷ, ಬಹಳ ಜನ ಹೊರದೇಶಕ್ಕೆ ಹೋಗುತ್ತಾರೆ. ಕ್ಯೋಟೊ, ಕೇಂಬ್ರಿಡ್ಜ್, ಬಾಸ್ಟನ್, ಕ್ಯಾಲಿಫೋರ್ನಿಯಾ ಇವೆಲ್ಲ ಈ ವಿಷಯಕ್ಕೆ ಹೆಸರಾದ ಊರುಗಳು. ಕ್ಯಾಲಿಫೋರ್ನಿಯಾದಲ್ಲಂತೂ 2004ರಲ್ಲಿ ಜನ ಓಟು ಹಾಕಿಯೇ ಸ್ಟೆಮ್ ಸೆಲ್ ಸಂಶೋಧನೆಗೆ 300 ಕೋಟಿ ಡಾಲರ್ ಸಾಲ ಎತ್ತಲು ಒಪ್ಪಿದರು. ವಾಪಸ್ ಬರಬೇಕು ಅನ್ನುವವರಿಗೆ ರಾಮಲಿಂಗಸ್ವಾಮಿ ಫೆಲೋಶಿಪ್, ಇಂಡಿಯಾ ಅಲಯನ್ಸ್ ಫೆಲೋಶಿಪ್‌ಗಳಿವೆ. ಲೆಕ್ಕ ಹಾಕಿದರೆ ಸ್ವಂತ ಲ್ಯಾಬ್ ಅಂತ ಆಗುವ ಹೊತ್ತಿಗೆ ನಿಮಗೆ ಮೂವತ್ತೈದರ ಆಸುಪಾಸು. ಪಿಎಚ್‌ಡಿ ಮಾಡಿದವರೆಲ್ಲರಿಗೂ ಲ್ಯಾಬ್ ಸಿಗುವುದಿಲ್ಲ, ಹೆಚ್ಚಿನವರಿಗೆ ಸಿಗುವುದಿಲ್ಲ ಅಂತಲೇ ತಿಳಿದು ಹೊರಡಿ.

ಸಂಬಳದ ಮಾತು ನಿಮ್ಮ ತಂದೆಯವರಿಗೆ ಹೀಗೆ ಹೇಳಿ. ಫೆಲೋಶಿಪ್ ಸಿಕ್ಕರೆ ಪಿಎಚ್‌ಡಿಗೆ ಮನೆಯಿಂದ ದುಡ್ಡು ಬೇಕಾಗಿಲ್ಲ. ಪಿಎಚ್‌ಡಿ ಶುರುವಿನಲ್ಲಿ ಸಿಗುವ ಕೇಂದ್ರದ ಫೆಲೋಶಿಪ್ ಜೆಆರ್‌ಎಫ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷ ಆದಮೇಲೆ 42,000. ಹಾಸ್ಟೆಲ್ ಇಲ್ಲದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ದೊಡ್ಡ ಕೇಂದ್ರ ಸಂಸ್ಥೆಗಳಲ್ಲಿ ಅಸಿಸ್ಟೆಂಟ್ ಪ್ರೊಫೆಸರ್ ಆದರೆ ಏಳನೇ ವೇತನ ಆಯೋಗದ ಲೆಕ್ಕದಲ್ಲಿ ಮೂಲ ವೇತನವೇ 1,01,500, ಅದರ ಮೇಲೆ ತುಟ್ಟಿಭತ್ಯೆ. ಹೊಟ್ಟೆಪಾಡಿಗೆ ಕೊರತೆ ಇಲ್ಲ. ಆದರೆ ತಡ. ನಿಮ್ಮ ಜೊತೆ ಪಿಯುಸಿ ಓದಿ ಐಟಿಗೆ ಹೋದವರು ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆಯುವಾಗ ನೀವಿನ್ನೂ ಥೀಸಿಸ್ ಬರೆಯುತ್ತಿರುತ್ತೀರಿ. ಫೆಲೋಶಿಪ್ ಹಣ ತಿಂಗಳುಗಟ್ಟಲೆ ನಿಲ್ಲುವುದೂ ಉಂಟು, ನನ್ನ ವಿದ್ಯಾರ್ಥಿಗಳು ಅದನ್ನು ಅನುಭವಿಸಿದ್ದಾರೆ. ಕೈಯಲ್ಲಿ ಮೂರ್ನಾಲ್ಕು ತಿಂಗಳ ಖರ್ಚು ಯಾವಾಗಲೂ ಇರಲಿ. ಮನೆಯಲ್ಲಿ ಸಾಲ ಇದ್ದು, ನಿಮ್ಮ ಸಂಬಳವನ್ನೇ ಕಾಯುತ್ತಿದ್ದರೆ ಎಂ.ಎಸ್ಸಿ. ಆದಮೇಲೆ ಕಂಪನಿ ಕೆಲಸ ಹಿಡಿಯಿರಿ. ಅದರಲ್ಲಿ ಕೀಳರಿಮೆ ಬೇಡ.

ಕಂಪನಿ ಕೆಲಸ ಅಂದೆನಲ್ಲ, ಈಗ ಅದು ನಿಜವಾದ ದಾರಿ. ನನ್ನ ಕಾಲದಲ್ಲಿ ಹೀಗಿರಲಿಲ್ಲ. ಬೆಂಗಳೂರಿನ ಸ್ಟೆಂಪ್ಯೂಟಿಕ್ಸ್, ಮಣಿಪಾಲ ಸಮೂಹದ ಕಂಪನಿ, ಆರೋಗ್ಯವಂತರ ಮೂಳೆಮಜ್ಜೆಯ ಕೋಶಗಳಿಂದ ಸ್ಟೆಂಪ್ಯೂಸೆಲ್ ಅನ್ನುವ ಉತ್ಪನ್ನ ಮಾಡಿತು. ಬೀಡಿ ಸಿಗರೇಟು ಸೇದುವವರಲ್ಲಿ ಕಾಲಿನ ರಕ್ತನಾಳ ಕಟ್ಟಿ ಕೊಳೆಯುವ ಬರ್ಜರ್ ಕಾಯಿಲೆಗೆ ಅದಕ್ಕೆ 2016ರಲ್ಲಿ ಸೀಮಿತ ಅನುಮತಿ ಸಿಕ್ಕಿತು. ಐಸ್ಟೆಮ್ ಕಂಪನಿ ರೆಟಿನಾದ ಕೋಶಗಳ ಮೇಲೆ ಕೆಲಸ ಮಾಡುತ್ತಿದೆ, ಪ್ಯಾಂಡೋರಮ್ ಕಾರ್ನಿಯಾದ ಮೇಲೆ. ಕ್ಯಾನ್ಸರಿಗೆ ಕಾರ್-ಟಿ ಚಿಕಿತ್ಸೆ, ಅಂದರೆ ರೋಗಿಯ ರಕ್ತದ ಟಿ ಕೋಶಗಳನ್ನೇ ಬದಲಿಸಿ ಕ್ಯಾನ್ಸರ್ ಮೇಲೆ ಬಿಡುವ ಚಿಕಿತ್ಸೆ, ಕೊಡುವ ಕಂಪನಿಗಳೂ ಇವೆ. ಅದು ಸ್ಟೆಮ್ ಸೆಲ್ ಅಲ್ಲ, ಆದರೆ ರೋಗಿಗೆ ಕೊಡುವ ಜೀವಂತ ಕೋಶ ಬೆಳೆಸುವ ಕೈಚಳಕ ಹತ್ತಿರಹತ್ತಿರ ಒಂದೇ. ಐಐಟಿ ಬಾಂಬೆ ಮತ್ತು ಟಾಟಾ ಆಸ್ಪತ್ರೆಯ ಕೆಲಸದಿಂದ ಬಂದ ನೆಕ್ಸ್‌ಕಾರ್19ಕ್ಕೆ 2023ರಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ವರ್ಷ ನಮ್ಮ ಔಷಧ ಪ್ರಯೋಗದ ನಿಯಮಗಳೂ ತಿದ್ದುಪಡಿಯಾಗಿ, ಪ್ರಾಣಿಗಳ ಬದಲು ಮಾನವ ಕೋಶಗಳ ಮೇಲೆ ಔಷಧ ಪರೀಕ್ಷಿಸುವ ವಿಧಾನಗಳಿಗೆ ಜಾಗ ಸಿಕ್ಕಿತು. ಐಪಿಎಸ್ ಕೋಶದಿಂದ ಹೃದಯ, ಲಿವರ್ ಕೋಶ ಮಾಡಬಲ್ಲವರಿಗೆ ಇಲ್ಲಿ ಕೆಲಸ ಹೆಚ್ಚಾಗುತ್ತದೆ ಅಂತ ನನ್ನ ಎಣಿಕೆ.

ಈ ಕಂಪನಿಗಳಲ್ಲಿ ಎಂ.ಎಸ್ಸಿ. ಆದವರಿಗೆ ಮೊದಲು ತೆರೆಯುವ ಬಾಗಿಲು ಕ್ವಾಲಿಟಿ ಕಂಟ್ರೋಲ್. ಬ್ಯಾಚ್ ಹೊರಗೆ ಹೋಗುವ ಮುಂಚೆ ಸೋಂಕಿಲ್ಲವಾ, ಕೋಶಗಳು ಬದುಕಿವೆಯಾ, ಹೇಳಿದ ಕೋಶವೇ ಹೌದಾ ಅಂತ ನೋಡಿ ಸಹಿ ಹಾಕುವ ವಿಭಾಗ. ವಿದ್ಯಾರ್ಥಿಗಳು ಇದನ್ನು ಎರಡನೇ ದರ್ಜೆ ಕೆಲಸ ಅಂದುಕೊಳ್ಳುತ್ತಾರೆ. ಡಿಶ್‌ನಲ್ಲಿ ಇರುವುದು ಏನು ಅಂತ ಸಾಬೀತು ಮಾಡುವುದು ಅಂತ ಮೊದಲೇ ಹೇಳಿದೆನಲ್ಲ, ಅದೇ ಇದು. ವ್ಯತ್ಯಾಸ ಇಷ್ಟೇ, ಇಲ್ಲಿ ತಪ್ಪಿದರೆ ಪೆಟ್ಟು ರೋಗಿಗೆ.

ಒಂದು ಕಡೆ ಮಾತ್ರ ಕೆಲಸಕ್ಕೆ ಹೋಗಬೇಡಿ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಸಕ್ಕರೆ ಕಾಯಿಲೆ, ಮಂಡಿನೋವು, ಎಲ್ಲಕ್ಕೂ ಸ್ಟೆಮ್ ಸೆಲ್ ಅಂತ ಬೋರ್ಡು ಹಾಕಿ ಲಕ್ಷಗಟ್ಟಲೆ ತೆಗೆದುಕೊಳ್ಳುವ ಕ್ಲಿನಿಕ್‌ಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಬಯೋಟೆಕ್ನಾಲಜಿ ಇಲಾಖೆಯ 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಮಾಮೂಲಿ ಚಿಕಿತ್ಸೆ ಅಂತ ಒಪ್ಪಿರುವುದು ರಕ್ತದ ಕಾಯಿಲೆಗಳಿಗೆ ಮಾಡುವ ರಕ್ತಮೂಲದ ಸ್ಟೆಮ್ ಸೆಲ್ ಕಸಿ. ಉಳಿದದ್ದು ಅನುಮತಿ ಪಡೆದ ಪ್ರಯೋಗವಾಗಿಯೇ ನಡೆಯಬೇಕು, ಇಲ್ಲವೇ ಔಷಧ ನಿಯಂತ್ರಕರ ಒಪ್ಪಿಗೆ ಪಡೆದ ಉತ್ಪನ್ನವಾಗಿರಬೇಕು. ಪ್ರಯೋಗ ಅಂದಮೇಲೆ ರೋಗಿಯಿಂದ ದುಡ್ಡು ಕೇಳುವ ಹಾಗಿಲ್ಲ. ಅಂಥ ಕ್ಲಿನಿಕ್‌ಗಳಿಗೆ ಎಂ.ಎಸ್ಸಿ. ಆದ ಹುಡುಗ ಹುಡುಗಿಯರು ಬೇಕು. ಬಿಳಿ ಕೋಟು ಹಾಕಿಸಿ ತಂದೆತಾಯಿಗಳ ಎದುರು ಕೂರಿಸುತ್ತಾರೆ. ಸಂಬಳ ಚೆನ್ನಾಗಿಯೇ ಕೊಡುತ್ತಾರೆ. ಆಮೇಲೆ ಒಳ್ಳೆಯ ಲ್ಯಾಬ್‌ಗೆ ಅರ್ಜಿ ಹಾಕಿದಾಗ ಆ ಎರಡು ವರ್ಷ ನಿಮ್ಮ ಬಯೋಡೇಟಾದಲ್ಲಿ ಕಲೆಯಂತೆ ಕಾಣುತ್ತದೆ. ಮಗುವಿನ ಹೊಕ್ಕುಳುಬಳ್ಳಿ ರಕ್ತವನ್ನು ಖಾಸಗಿಯಾಗಿ ಕಾದಿಡಿ ಅಂತ ಗರ್ಭಿಣಿಯರಿಗೆ ಹೇಳುವ ಕೌನ್ಸೆಲರ್ ಕೆಲಸವೂ ಇದೆ. ಅದು ಮಾರ್ಕೆಟಿಂಗ್, ವಿಜ್ಞಾನ ಅಲ್ಲ.

ಗೈಡ್ ಆರಿಸುವ ವಿಷಯ. ಸಂಸ್ಥೆಯ ಹೆಸರಿಗಿಂತ ಇದು ಮುಖ್ಯ. ಅವರ ಹಳೆಯ ವಿದ್ಯಾರ್ಥಿಗಳಿಗೆ ಫೋನ್ ಮಾಡಿ. ಎಷ್ಟು ವರ್ಷಕ್ಕೆ ಪಿಎಚ್‌ಡಿ ಮುಗಿಯಿತು, ಈಗ ಎಲ್ಲಿದ್ದಾರೆ ಕೇಳಿ. ಇನ್ನೊಂದು ಪ್ರಶ್ನೆ ಖಂಡಿತ ಕೇಳಿ: 'ಅಂದುಕೊಂಡಂತೆ ಪ್ರಯೋಗ ಆಗಲಿಲ್ಲ ಅಂತ ಹೇಳಿದರೆ ಸರ್ ಅಥವಾ ಮೇಡಂ ಏನಂತಾರೆ?' ಬೈಯುತ್ತಾರೆ, ಮುಖ ತಿರುಗಿಸುತ್ತಾರೆ, ಆಗುವವರೆಗೂ ಮಾಡು ಅಂತಾರೆ ಅನ್ನುವ ಉತ್ತರ ಬಂದರೆ ಆ ಲ್ಯಾಬ್ ಎಷ್ಟೇ ದೊಡ್ಡದಾಗಿರಲಿ, ಬಿಟ್ಟುಬಿಡಿ. ಗೈಡ್‌ಗೆ ಬೇಕಾದ ಉತ್ತರವನ್ನೇ ತಂದುಕೊಡುವ ಅಭ್ಯಾಸ ಅಂಥ ಕಡೆ ಹುಟ್ಟುತ್ತದೆ.

ನಿಮ್ಮ ಮುಂದಿನ ಕೆಲಸ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕುವುದು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ನಡೆಸುವ ಒಂದು ಕಾರ್ಯಕ್ರಮವಿದೆ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಅದನ್ನು ನೋಡಿಕೊಳ್ಳುತ್ತದೆ. ಆಯ್ಕೆಯಾದರೆ ಎರಡು ತಿಂಗಳು ಒಂದು ಲ್ಯಾಬ್‌ನಲ್ಲಿ ಕೆಲಸ, ಸ್ಟೈಪೆಂಡ್ ಕೂಡ. ಜವಾಹರಲಾಲ್ ನೆಹರು ಕೇಂದ್ರಕ್ಕೂ ತನ್ನದೇ ಬೇಸಿಗೆ ಕಾರ್ಯಕ್ರಮ ಇದೆ. ಅರ್ಜಿ ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲೇ ಕರೆಯುತ್ತಾರೆ, ಬೇಸಿಗೆ ಬಂದಮೇಲೆ ಹುಡುಕಿದರೆ ಬಾಗಿಲು ಮುಚ್ಚಿರುತ್ತದೆ. ನಿಮ್ಮ ಕಾಲೇಜಿನ ಮೇಷ್ಟ್ರಿಗೆ ಶಿಫಾರಸು ಪತ್ರಕ್ಕೆ ಈಗಲೇ ಹೇಳಿಡಿ.

ಜೊತೆಗೆ ಲ್ಯಾಬ್‌ಗಳಿಗೆ ನೇರವಾಗಿ ಮೇಲ್ ಬರೆಯಿರಿ. 'ಗೌರವಾನ್ವಿತ ಸರ್/ಮೇಡಂ, ನನಗೆ ಸ್ಟೆಮ್ ಸೆಲ್ ಅಂದರೆ ಬಹಳ ಆಸಕ್ತಿ' ಅಂತ ಒಂದೇ ಪತ್ರವನ್ನು ಐವತ್ತು ಜನಕ್ಕೆ ಕಳಿಸಬೇಡಿ, ನಾವು ಓದುವುದಿಲ್ಲ. ಆ ಲ್ಯಾಬ್‌ನ ಒಂದು ಪ್ರಬಂಧ ಓದಿ, ಅದರ ಒಂದು ಚಿತ್ರದ ಬಗ್ಗೆ ನಿಮಗೆ ಅರ್ಥವಾಗದ್ದನ್ನು ಎರಡು ಸಾಲಿನಲ್ಲಿ ಕೇಳಿ. ಇಂಗ್ಲಿಷ್ ತಪ್ಪಿದ್ದರೂ ಪರವಾಗಿಲ್ಲ, ಪ್ರಶ್ನೆ ನಿಮ್ಮದಾಗಿರಬೇಕು. ಉತ್ತರ ಬಾರದಿದ್ದರೆ ಬೇಜಾರು ಮಾಡಿಕೊಳ್ಳಬೇಡಿ, ಎರಡು ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ. ಎಷ್ಟೋ ಸಲ ಮೊದಲನೆಯದು ಮೇಲ್ ರಾಶಿಯಲ್ಲಿ ಹೂತುಹೋಗಿರುತ್ತದೆ, ಅಷ್ಟೇ.